ಹೊರಗಿನ ವೈಫೈ: ಸೇರುವ ಮೊದಲು, ಸೇರಿದ ಮೇಲೆ, ಎದ್ದು ಹೊರಡುವಾಗ

ನಿಲ್ದಾಣದಲ್ಲೋ ಹೋಟೆಲಿನಲ್ಲೋ ಗ್ರಂಥಾಲಯದಲ್ಲೋ ಕೂತು ಫೋನಿನ ವೈಫೈ ಪಟ್ಟಿ ತೆರೆದರೆ ಏಳೆಂಟು ಹೆಸರು ಕಾಣುತ್ತವೆ. ಒಂದೆರಡಕ್ಕೆ ಬೀಗದ ಗುರುತೇ ಇರುವುದಿಲ್ಲ. ಮುಟ್ಟಿದರೆ ಸಾಕು, ಸೇರಿಕೊಳ್ಳುತ್ತದೆ. ಹೀಗೆ ಸೇರುವುದು ಅಪಾಯವೇ ಎಂಬ ಪ್ರಶ್ನೆಗೆ ಹದಿನೈದು ವರ್ಷದ ಹಿಂದೆ ಕೊಡುತ್ತಿದ್ದ 'ಹೌದು' ಎಂಬ ಉತ್ತರ ಈಗ ಅರ್ಧ ಮಾತ್ರ ಸರಿ.

2010ರಲ್ಲಿ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಬಂತು. ತೆರೆದ ವೈಫೈಯಲ್ಲಿ ಅದನ್ನು ಚಾಲೂ ಮಾಡಿದರೆ ಅದೇ ವೈಫೈ ಬಳಸುತ್ತಿದ್ದವರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಬ್ರೌಸರಿನ ಪಕ್ಕದಲ್ಲಿ ಸಾಲಾಗಿ ಕಾಣಿಸುತ್ತಿದ್ದವು. ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಅವರ ಖಾತೆಯೊಳಗೇ ಹೋಗಬಹುದಿತ್ತು, ಪಾಸ್‌ವರ್ಡ್ ಬೇಕಿರಲಿಲ್ಲ. ಆಗ ಎಷ್ಟೋ ಸೈಟುಗಳು ಲಾಗಿನ್ ಪುಟಕ್ಕೆ ಮಾತ್ರ ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಬೇರೆಯವರಿಗೆ ಓದಲಾಗದಂತೆ ಮುಚ್ಚಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಕಳಿಸುವ ಬಗೆ) ಬಳಸಿ, ಉಳಿದದ್ದನ್ನೆಲ್ಲ ಬರೀ ಎಚ್‌ಟಿಟಿಪಿಯಲ್ಲಿ, ಮುಚ್ಚದೆ, ಕಳಿಸುತ್ತಿದ್ದವು. 'ಇವರು ಲಾಗಿನ್ ಆಗಿದ್ದಾರೆ' ಎಂದು ಸೈಟಿಗೆ ತಿಳಿಸುವ ಕುಕೀ ಗಾಳಿಯಲ್ಲಿ ಹಾಗೇ ಹಾರಾಡುತ್ತಿತ್ತು. ಆ ಗಲಾಟೆಯ ನಂತರ ದೊಡ್ಡ ಸೈಟುಗಳು ಪೂರ್ತಿ ಎಚ್‌ಟಿಟಿಪಿಎಸ್‌ಗೆ ಬಂದವು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟುಗಳನ್ನು (ಈ ವಿಳಾಸ ಈ ಸೈಟಿನದೇ ಎಂದು ಬ್ರೌಸರಿಗೆ ತೋರಿಸುವ ಗುರುತುಪತ್ರ) ಪುಕ್ಕಟೆ ಕೊಡಲು ಶುರು ಮಾಡಿತು. 2018ರ ಜುಲೈನಿಂದ ಕ್ರೋಮ್ ಎಲ್ಲ ಎಚ್‌ಟಿಟಿಪಿ ಪುಟಗಳಿಗೂ 'ನಾಟ್ ಸೆಕ್ಯೂರ್' ಎಂಬ ಹಣೆಪಟ್ಟಿ ಹಚ್ಚಿತು.

ಹಾಗಾಗಿ ಪಕ್ಕದ ಮೇಜಿನವನು ನಿಮ್ಮ ಸಂದೇಶಗಳನ್ನು ಗಾಳಿಯಿಂದ ಹಿಡಿದು ಓದುತ್ತಾನೆ ಎಂಬ ಭಯ ಇವತ್ತು ಮುಖ್ಯವಲ್ಲ. ಈಗಿನ ತೊಂದರೆಗಳು ಬೇರೆ: ನಕಲಿ ಹೆಸರಿನ ವೈಫೈ, ಅದು ತೋರಿಸುವ ನಕಲಿ ಲಾಗಿನ್ ಪುಟ, ಹಳೆಯ ಹೆಸರನ್ನು ನೆನಪಿಟ್ಟುಕೊಂಡು ಕೇಳದೆ ಕೂಡಿಕೊಳ್ಳುವ ನಮ್ಮದೇ ಫೋನು, ಎಚ್ಚರಿಕೆ ಬಂದಾಗ ಓದದೆ 'ಮುಂದುವರಿ' ಒತ್ತುವ ನಮ್ಮದೇ ಬೆರಳು. ಶ್ರಮ ಪಡಬೇಕಾದದ್ದು ಇಲ್ಲಿ.

ಬೀಗದ ಗುರುತಿನ ಬೆಲೆ ಎಷ್ಟು

ಬೀಗ ಇಲ್ಲದ ವೈಫೈಯಲ್ಲಿ ನಿಮ್ಮ ಸಾಧನಕ್ಕೂ ರೂಟರಿಗೂ ನಡುವೆ ಎನ್‌ಕ್ರಿಪ್ಷನ್ ಇಲ್ಲ. ಎಚ್‌ಟಿಟಿಪಿಎಸ್ ಸೈಟಿನಲ್ಲಿ ನೀವು ಬರೆದದ್ದು, ಓದಿದ್ದು ಮುಚ್ಚಿಯೇ ಇರುತ್ತದೆ. ಆದರೆ ಯಾವ ಸೈಟಿಗೆ ಹೋದಿರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಡಿಎನ್‌ಎಸ್ ವಿಚಾರಣೆಯಲ್ಲಿ (ಸೈಟಿನ ಹೆಸರು ಕೊಟ್ಟು ಅದರ ಅಂಕಿಯ ವಿಳಾಸ ಕೇಳುವುದು) ಸೈಟಿನ ಹೆಸರು ಬಿಚ್ಚಿ ಹೋಗುತ್ತದೆ, ಎಚ್‌ಟಿಟಿಪಿಎಸ್ ಸಂಪರ್ಕದ ಮೊದಲ ಸಂದೇಶದಲ್ಲೂ ಬಹುತೇಕ ಅದೇ ಹೆಸರು ಇರುತ್ತದೆ. ಲಕೋಟೆ ಅಂಟಿಸಿದೆ, ವಿಳಾಸ ಮಾತ್ರ ಹೊರಗೆ ಕಾಣುತ್ತಿದೆ ಎಂದುಕೊಳ್ಳಿ.

ಬೀಗ ಇದ್ದರೂ ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆದಿದ್ದರೆ ಹೆಚ್ಚೇನೂ ಬದಲಾಗದು. ಪಾಸ್‌ವರ್ಡ್ ಇರುವ ವೈಫೈಗಳ ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನದಲ್ಲಿ ಸೇರುವ ಕ್ಷಣ ಫೋನೂ ರೂಟರೂ ನಾಲ್ಕು ಸಂದೇಶ ಕೊಟ್ಟು ಪಡೆಯುತ್ತವೆ. ಪಾಸ್‌ವರ್ಡ್ ಗೊತ್ತಿದ್ದವರು ಆ ನಾಲ್ಕನ್ನೂ ಹಿಡಿದಿಟ್ಟುಕೊಂಡರೆ ನಿಮ್ಮ ಸೆಷನ್ನಿನ ಕೀಯನ್ನು (ಆ ಹೊತ್ತಿನ ಸಂಪರ್ಕವನ್ನು ಬಿಚ್ಚುವ ಗುಟ್ಟು) ಲೆಕ್ಕ ಹಾಕಿ ತೆಗೆಯಬಲ್ಲರು. ಅದರ ನಂತರದ ಡಬ್ಲ್ಯುಪಿಎ3 ಈ ದಾರಿಯನ್ನು ಮುಚ್ಚಿತು. ಅದರಲ್ಲಿ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಬಿಚ್ಚುವುದಿಲ್ಲ. 2018ರಲ್ಲಿ ಅದರ ಜೊತೆಗೇ 'ಎನ್‌ಹ್ಯಾನ್ಸ್ಡ್ ಓಪನ್' ಎಂಬುದೂ ಬಂತು. ಇಲ್ಲಿ ಪಾಸ್‌ವರ್ಡ್ ಬೇಕಿಲ್ಲ, ಆದರೂ ಎನ್‌ಕ್ರಿಪ್ಷನ್ ಇರುತ್ತದೆ. ಇದೂ ಕೇಳುವ ಕಿವಿಗಳನ್ನಷ್ಟೇ ಮುಚ್ಚುತ್ತದೆ, ಎದುರಿಗಿರುವ ರೂಟರ್ ಯಾರದ್ದು ಎಂದು ಹೇಳುವುದಿಲ್ಲ.

ಭದ್ರತೆಯ ಬಗೆ ಡಬ್ಲ್ಯುಇಪಿ (ಇವಕ್ಕಿಂತ ಹಳೆಯ ವಿಧಾನ) ಎಂದು ಕಂಡರೆ ಮಾತ್ರ ಸೇರಲೇಬೇಡಿ. ಅದನ್ನು ಮುರಿಯುವ ಬಗೆ 2001ರಲ್ಲೇ ಗೊತ್ತಾಗಿತ್ತು. ಇವತ್ತಿಗೂ ಅದನ್ನೇ ಇಟ್ಟುಕೊಂಡ ಜಾಗದಲ್ಲಿ ಉಳಿದ ನಿರ್ವಹಣೆ ಹೇಗಿದ್ದೀತು ಎಂಬುದನ್ನು ಊಹಿಸಬಹುದು.

ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು

ಪಟ್ಟಿಯಲ್ಲಿ ಕಾಣುವ ವೈಫೈ ಹೆಸರು ಹೆಚ್ಚೆಂದರೆ 32 ಬೈಟ್‌ನ ಒಂದು ಪಠ್ಯ, ಅಷ್ಟೆ. ಅದಕ್ಕೆ ನೋಂದಣಿ ಇಲ್ಲ, ಒಡೆಯರಿಲ್ಲ. ಯಾರ ಫೋನಿನ ಹಾಟ್‌ಸ್ಪಾಟಿಗಾದರೂ ನಿಲ್ದಾಣದ ಹೆಸರಿಡಬಹುದು. ನಿಮ್ಮ ಸಾಧನ ಹಳೆಯ ವೈಫೈಯನ್ನು ಗುರುತಿಸುವುದು ಹೆಸರು ಮತ್ತು ಭದ್ರತೆಯ ಬಗೆ, ಈ ಎರಡರಿಂದ. ಎರಡೂ ಹೊಂದಿದರೆ ಸಿಗ್ನಲ್ ಚೆನ್ನಾಗಿರುವ ಕಡೆಗೆ ವಾಲುತ್ತದೆ. ಪಕ್ಕದ ಕುರ್ಚಿಯ ಚೀಲದಲ್ಲಿರುವ ನಕಲಿ ರೂಟರಿನ ಸಿಗ್ನಲ್ ಮೂವತ್ತು ಅಡಿ ದೂರದ ಅಸಲಿಗಿಂತ ಗಟ್ಟಿ ಇರುವುದು ಸಹಜ. ಪಾಸ್‌ವರ್ಡ್ ಇರುವ ವೈಫೈಗೂ ಇದು ಅನ್ವಯ: ಗೋಡೆಯ ಮೇಲಿನ ಪಾಸ್‌ವರ್ಡನ್ನೇ ನಕಲಿಗೂ ಹಾಕಿದರೆ ಫೋನಿಗೆ ವ್ಯತ್ಯಾಸ ತಿಳಿಯದು.

2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಒಬ್ಬನ ಮೇಲೆ ಇಂಥದ್ದೇ ಆರೋಪ ಹೊರಿಸಿದರು. ವಿಮಾನ ನಿಲ್ದಾಣಗಳಲ್ಲೂ ವಿಮಾನದೊಳಗೂ ಅಸಲಿಯದೇ ಹೆಸರಿನ ವೈಫೈ ಎಬ್ಬಿಸಿ, ಸೇರಿದವರಿಗೆ ಇಮೇಲ್ ಇಲ್ಲವೇ ಸೋಷಿಯಲ್ ಮೀಡಿಯಾ ಲಾಗಿನ್ ಕೇಳುವ ಪುಟ ತೋರಿಸಿದ್ದ ಎಂಬುದು ಆರೋಪವಾಗಿತ್ತು. ಅನುಮಾನ ಮೊದಲು ಬಂದದ್ದು ವಿಮಾನದ ಸಿಬ್ಬಂದಿಗೆ. ಇಲ್ಲಿ ಯಾವ ಎನ್‌ಕ್ರಿಪ್ಷನ್ನನ್ನೂ ಮುರಿಯಬೇಕಾಗಿಲ್ಲ ಎಂಬುದನ್ನು ಗಮನಿಸಿ. ಜನರೇ ಬರೆದುಕೊಡುತ್ತಾರೆ.

ಪರೀಕ್ಷೆ ಸರಳ. ಕೌಂಟರಿನಲ್ಲಿ ಇರುವವರನ್ನು ಹೆಸರು ಕೇಳಿ, ಅಕ್ಷರ ಅಕ್ಷರ ಹೊಂದಿಸಿ: ನಡುವೆ ಅಡ್ಡಗೆರೆ ಇದೆಯೇ, ಕೊನೆಗೆ 'ಫ್ರೀ' ಅಥವಾ 'ಗೆಸ್ಟ್' ಇದೆಯೇ, ಪಾಸ್‌ವರ್ಡ್ ಕೇಳಬೇಕೋ ಬೇಡವೋ. ಕೊನೆಯದೇ ಮುಖ್ಯ. ಪಾಸ್‌ವರ್ಡ್ ಇರಬೇಕಾದ ಹೆಸರು ಬೀಗವಿಲ್ಲದೆ ಕಂಡರೆ ಅದು ಅವರದಲ್ಲ. ಒಂದೇ ಹೆಸರು ಎರಡು ಸಲ, ಒಂದು ಬೀಗದೊಂದಿಗೆ ಇನ್ನೊಂದು ಬೀಗವಿಲ್ಲದೆ ಕಂಡರೆ ಎರಡನ್ನೂ ಬಿಡಿ. ಸೇರಿದ ವೈಫೈ ಪದೇಪದೇ ಕಡಿದು, ಮತ್ತೆ ಸೇರಿದಾಗ ಹೊಸ ಲಾಗಿನ್ ಪುಟ ಬಂದರೂ ಅನುಮಾನಿಸಿ. ಡಬ್ಲ್ಯುಪಿಎ2 ಜಾಲಗಳಲ್ಲಿ 'ಕಡಿದುಕೋ' ಎಂಬ ಸುಳ್ಳು ಆಜ್ಞೆ ಹೊರಗಿನಿಂದ ಕಳಿಸುವುದು ಹಲವು ಕಡೆ ಸಾಧ್ಯ. ನಿಮ್ಮನ್ನು ಅಸಲಿಯಿಂದ ನಕಲಿಗೆ ತಳ್ಳುವ ದಾರಿ ಅದು.

ಮೇಜಿನ ಮೇಲಿನ ಕ್ಯೂಆರ್ ಸ್ಟಿಕ್ಕರಿಗೂ ಇದೇ ಮಾತು. ಒಂದರ ಮೇಲೊಂದು ಅಂಟಿಸಿದೆಯೇ ಎಂದು ಉಗುರಿನಿಂದ ನೋಡಿ. ಸ್ಕ್ಯಾನ್ ಮಾಡಿದಾಗ ಫೋನು ವೈಫೈ ಹೆಸರು ತೋರಿಸಿ 'ಸೇರಲೇ' ಎಂದು ಕೇಳಬೇಕು. ಅದರ ಬದಲು ಯಾವುದೋ ವೆಬ್ ವಿಳಾಸ ತೆರೆಯಲು ಹೊರಟರೆ ಅಲ್ಲಿಗೇ ನಿಲ್ಲಿಸಿ.

ಹೊರಡುವ ಮೊದಲು ಮಾಡಿಡಬೇಕಾದ ಕೆಲಸ

ಅರ್ಧ ಗಂಟೆ ಸಾಕು, ಮನೆಯ ವೈಫೈಯಲ್ಲೇ ಮುಗಿಸಿ.

ಮೊದಲು ಹಳೆಯ ಹೆಸರುಗಳ ಕಸ ಗುಡಿಸಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಇಂಟರ್ನೆಟ್ ವಿಭಾಗದೊಳಗೆ 'ಸೇವ್ಡ್ ನೆಟ್‌ವರ್ಕ್ಸ್' ಇದೆ (ಕಂಪನಿಗೊಂದು ಜಾಗ, ಹುಡುಕುವ ಪೆಟ್ಟಿಗೆಯಲ್ಲಿ ಬರೆದರೆ ಬೇಗ ಸಿಗುತ್ತದೆ). ಐಫೋನಿನಲ್ಲಿ ಐಓಎಸ್ 16ರಿಂದ ವೈಫೈ ಪುಟದ ಮೇಲಿನ 'ಎಡಿಟ್' ಒತ್ತಿದರೆ ಇಡೀ ಪಟ್ಟಿ ಬರುತ್ತದೆ. ವಿಂಡೋಸ್ 11ರಲ್ಲಿ ವೈಫೈ ಪುಟದ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್', ಮ್ಯಾಕ್‌ನಲ್ಲಿ ವೈಫೈ ಪುಟದ ಕೆಳಗಿನ 'ಅಡ್ವಾನ್ಸ್ಡ್'. ಪಾಸ್‌ವರ್ಡ್ ಇಲ್ಲದ ಹೆಸರುಗಳನ್ನೆಲ್ಲ 'ಫರ್ಗೆಟ್' ಮಾಡಿ. ಅವೇ ಅತಿ ಅಪಾಯದವು, ಏಕೆಂದರೆ ಬರೀ ಹೆಸರು ಗೊತ್ತಿದ್ದರೆ ನಕಲಿ ಸಿದ್ಧ, ಮತ್ತು ಫೋನು ಜೇಬಿನಲ್ಲಿದ್ದಾಗಲೇ ಸೇರಿಕೊಂಡಿರುತ್ತದೆ. ಉಳಿಸಿಕೊಳ್ಳಲೇಬೇಕಾದ ಹೆಸರಿದ್ದರೆ ಅದರ 'ಆಟೋ ಕನೆಕ್ಟ್' ಅಥವಾ 'ಆಟೋ ಜಾಯಿನ್' ಆರಿಸಿಡಿ.

ಇನ್ನೊಂದು ಮಾತು. ಮನೆಯ ವೈಫೈ ಹೆಸರನ್ನು ಮರೆಮಾಡುವುದು ಭದ್ರತೆ ಎಂದು ನಂಬಿದವರು ಬಹಳ ಜನ. ನಡೆಯುವುದು ಉಲ್ಟಾ. ರೂಟರ್ ತನ್ನ ಹೆಸರು ಹೇಳದಿದ್ದರೆ ಫೋನೇ ಹೋದಲ್ಲೆಲ್ಲ 'ನೀನು ಇದ್ದೀಯಾ' ಎಂದು ಆ ಹೆಸರು ಹಿಡಿದು ಕೂಗಬೇಕಾಗುತ್ತದೆ. ಕೇಳಿಸಿಕೊಂಡವನಿಗೆ ಯಾವ ಹೆಸರಿನ ನಕಲಿ ಮಾಡಬೇಕು ಎಂಬುದು ಪುಕ್ಕಟೆ ತಿಳಿಯುತ್ತದೆ.

ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಮಾತ್ರ ಎಂಬ ಆಯ್ಕೆ ಹಾಕಿ. ಫೈರ್‌ಫಾಕ್ಸ್‌ನಲ್ಲಿ 'ಎಚ್‌ಟಿಟಿಪಿಎಸ್ ಓನ್ಲಿ ಮೋಡ್', ಕ್ರೋಮ್‌ನ ಸೆಕ್ಯುರಿಟಿ ಪುಟದಲ್ಲಿ 'ಆಲ್‌ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್'. ವಿಳಾಸದ ಮುಂದೆ ಏನನ್ನೂ ಬರೆಯದೆ ಸೈಟಿನ ಹೆಸರಷ್ಟೇ ಹೊಡೆದಾಗ ಮೊದಲ ಹೆಜ್ಜೆಯೇ ಬರೀ ಎಚ್‌ಟಿಟಿಪಿಯಲ್ಲಿ ಹೋದರೆ, ನಡುವಿನವನು ಅಲ್ಲೇ ತಡೆದು ನಿಮ್ಮನ್ನು ಕೊನೆಯವರೆಗೂ ಎಚ್‌ಟಿಟಿಪಿಯಲ್ಲೇ ಇರಿಸಬಲ್ಲ. 2009ರಲ್ಲಿ ಎಸ್‌ಎಸ್‌ಎಲ್‌ಸ್ಟ್ರಿಪ್ ಎಂಬ ಸಾಧನ ತೋರಿಸಿಕೊಟ್ಟದ್ದು ಇದನ್ನೇ. ಈ ಒಂದು ಆಯ್ಕೆ ಅದನ್ನು ಕಟ್ಟಿಹಾಕುತ್ತದೆ.

ಸಿಸ್ಟಮ್ ಮತ್ತು ಆ್ಯಪ್‌ಗಳ ಅಪ್‌ಡೇಟ್ ಮನೆಯಲ್ಲೇ ಮುಗಿಸಿಕೊಳ್ಳಿ. ಹೊರಗಿನ ವೈಫೈಗೆ ಸೇರಿದ ಕೂಡಲೇ 'ನಿಮ್ಮ ಇಂಥ ಸಾಫ್ಟ್‌ವೇರ್ ಹಳೆಯದಾಗಿದೆ, ಇಲ್ಲಿ ಒತ್ತಿ' ಎಂದು ಬಂದರೆ ಒತ್ತಬಾರದು. 2014ರಲ್ಲಿ ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ ಬಯಲಿಗೆ ತಂದ ಡಾರ್ಕ್‌ಹೋಟೆಲ್ ದಾಳಿಯ ತಂತ್ರ ಇದೇ ಆಗಿತ್ತು: ಹೋಟೆಲ್ ವೈಫೈಗೆ ಲಾಗಿನ್ ಆದ ಅತಿಥಿಗಳಿಗೆ ಹೆಸರಾಂತ ಸಾಫ್ಟ್‌ವೇರಿನ ಅಪ್‌ಡೇಟ್ ಎಂದು ಹೇಳಿ ಕಳ್ಳ ಪ್ರೋಗ್ರಾಮ್ ಇಳಿಸುವುದು.

ಪಾಸ್‌ವರ್ಡ್ ಮ್ಯಾನೇಜರ್ ಇಲ್ಲದಿದ್ದರೆ ಈಗಲೇ ಹಾಕಿಕೊಳ್ಳಿ. ನೆನಪಿಡುವ ತಾಪತ್ರಯ ತಪ್ಪುತ್ತದೆ ಎಂಬುದು ಒಂದು ಲಾಭ. ಇಲ್ಲಿ ಬೇಕಾಗುವ ಲಾಭ ಇನ್ನೊಂದು: ಅದು ಸೈಟಿನ ವಿಳಾಸ ನೋಡಿ ತುಂಬುತ್ತದೆ, ಪುಟದ ಬಣ್ಣ ನೋಡಿ ಅಲ್ಲ. ಯಾವಾಗಲೂ ತಾನೇ ತುಂಬುವ ಪಾಸ್‌ವರ್ಡ್ ಇವತ್ತು ತುಂಬಲಿಲ್ಲ ಎಂದರೆ ಕೈಯಿಂದ ಹೊಡೆಯಲು ಹೋಗಬೇಡಿ, ವಿಳಾಸ ನೋಡಿ. ಪಾಸ್‌ಕೀ (ಪಾಸ್‌ವರ್ಡಿನ ಬದಲು ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಲಾಗಿನ್ ಆಗುವ ಬಗೆ) ಸಿಗುವ ಖಾತೆಗಳಿಗೆ ಅದನ್ನೇ ಹಾಕಿ. ಅದು ಬೇರೆ ವಿಳಾಸದಲ್ಲಿ ಕೆಲಸವೇ ಮಾಡುವುದಿಲ್ಲ.

ಲಾಗಿನ್ ಪುಟ: ಏನು ಕೇಳಬಹುದು, ಏನು ಕೇಳಬಾರದು

ಬಹುಪಾಲು ಸಾರ್ವಜನಿಕ ವೈಫೈಗಳಲ್ಲಿ ಸೇರಿದ ಮೇಲೆ ಒಂದು ಪುಟ ತಾನೇ ಎದ್ದು ಬರುತ್ತದೆ. ಬರುವ ಬಗೆ ತಿಳಿದಿದ್ದರೆ ಬರದಿದ್ದಾಗ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ. ಸೇರಿದ ಕೂಡಲೇ ಫೋನು ತನ್ನ ಕಂಪನಿಯ ಒಂದು ಪುಟ್ಟ ವಿಳಾಸವನ್ನು ಬರೀ ಎಚ್‌ಟಿಟಿಪಿಯಲ್ಲಿ ಕೇಳುತ್ತದೆ. ಆಂಡ್ರಾಯ್ಡ್ ಎದುರು ನೋಡುವುದು 204 ಎಂಬ ಖಾಲಿ ಉತ್ತರ, ಆಪಲ್ ಸಾಧನಗಳು ಎದುರು ನೋಡುವುದು 'ಸಕ್ಸೆಸ್' ಎಂಬ ಒಂದೇ ಪದದ ಪುಟ. ಅದರ ಬದಲು ಬೇರೇನೋ ಬಂದರೆ 'ನಡುವೆ ಗೇಟ್ ಇದೆ' ಎಂದು ಅರಿತು ಆ ಪುಟವನ್ನು ಪುಟ್ಟ ಕಿಟಕಿಯಲ್ಲಿ ತೋರಿಸುತ್ತದೆ.

ಪುಟ ಬರಲಿಲ್ಲ, ಇಂಟರ್ನೆಟ್ಟೂ ಇಲ್ಲ ಎಂದಾದರೆ ಈ ಸರದಿಯಲ್ಲಿ ನೋಡಿ:

1. ವಿಪಿಎನ್ (ನಿಮ್ಮ ಸಂಚಾರವನ್ನು ಮುಚ್ಚಿ ಬೇರೆ ಸರ್ವರಿನ ಮೂಲಕ ಒಯ್ಯುವ ಸೇವೆ) ಆನ್ ಇದ್ದರೆ ಆಫ್ ಮಾಡಿ. ಗೇಟ್ ದಾಟುವವರೆಗೆ ವಿಪಿಎನ್‌ಗೆ ತನ್ನ ಸರ್ವರ್ ಸಿಗುವುದಿಲ್ಲ, ಗೇಟಿಗೂ ನೀವು ಸಿಗುವುದಿಲ್ಲ.
2. ಬ್ರೌಸರಿನಲ್ಲಿ ಕ್ಯಾಪ್ಟಿವ್ ಡಾಟ್ ಆಪಲ್ ಡಾಟ್ ಕಾಮ್ ಅಥವಾ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ, ಮುಂದೆ ಎಚ್‌ಟಿಟಿಪಿ ಎಂದು ನೀವೇ ಬರೆದು. ಎಚ್‌ಟಿಟಿಪಿಎಸ್ ಓನ್ಲಿ ಹಾಕಿದ್ದರೆ ಬ್ರೌಸರ್ ತಡೆದು ಕೇಳುತ್ತದೆ. ಈ ಒಂದು ಸಲಕ್ಕೆ, ಈ ವಿಳಾಸಕ್ಕೆ ಮಾತ್ರ ಒಪ್ಪಿ.
3. ಆಂಡ್ರಾಯ್ಡ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್ ಸರ್ವರ್ ಸಿಗುತ್ತಿಲ್ಲ' ಎಂಬ ಅರ್ಥದ ಸಂದೇಶ ಬಂದರೆ, ಪ್ರೈವೇಟ್ ಡಿಎನ್‌ಎಸ್‌ಗೆ (ಡಿಎನ್‌ಎಸ್ ವಿಚಾರಣೆಯನ್ನು ಮುಚ್ಚಿ ಕಳಿಸುವ ಆಯ್ಕೆ) ನೀವು ಗೊತ್ತುಮಾಡಿದ ಹೆಸರನ್ನು ತೆಗೆದು 'ಆಟೋಮ್ಯಾಟಿಕ್' ಮಾಡಿ. ಕೆಲವು ಜಾಲಗಳು ಅದು ಬಳಸುವ 853ನೇ ಪೋರ್ಟನ್ನು (ಸಂಚಾರ ಸಾಗುವ, ಅಂಕಿ ಹಾಕಿದ ಬಾಗಿಲು) ಮುಚ್ಚಿರುತ್ತವೆ.
4. ಆಗಲೂ ಬರದಿದ್ದರೆ ವೈಫೈ ಮರೆತು ಹೊಸದಾಗಿ ಸೇರಿ.

ಗೇಟ್ ದಾಟುವ ಮೊದಲು ಎಚ್‌ಟಿಟಿಪಿಎಸ್ ಸೈಟ್ ತೆರೆದರೆ ಸರ್ಟಿಫಿಕೇಟ್ ಎಚ್ಚರಿಕೆ ಬರಬಹುದು. ಗೇಟ್ ನಿಮ್ಮನ್ನು ತನ್ನ ಕಡೆಗೆ ತಿರುಗಿಸಲು ನೋಡುತ್ತಿದೆ, ಅದರ ಹತ್ತಿರ ಆ ಸೈಟಿನ ಸರ್ಟಿಫಿಕೇಟ್ ಇಲ್ಲ. ಇದು ದಾಳಿ ಅಲ್ಲದಿರಬಹುದು, ಆದರೆ 'ಮುಂದುವರಿ' ಒತ್ತುವುದು ಪರಿಹಾರ ಅಲ್ಲ. ಎರಡನೇ ಹೆಜ್ಜೆಯಂತೆ ಗೇಟನ್ನೇ ಎದುರಿಗೆ ತಂದುಕೊಳ್ಳಿ.

ಇನ್ನು ಪುಟ ಬಂತು ಎಂದುಕೊಳ್ಳಿ. ಷರತ್ತುಗಳಿಗೆ ಒಪ್ಪಿಗೆಯ ಚೌಕ, ಹೋಟೆಲಾದರೆ ಕೋಣೆ ಸಂಖ್ಯೆ ಮತ್ತು ಹೆಸರು, ರಸೀದಿಯಲ್ಲಿ ಅಚ್ಚಾದ ಕೋಡ್, ಮೊಬೈಲ್ ಸಂಖ್ಯೆ ಮತ್ತು ಅದಕ್ಕೊಂದು ಓಟಿಪಿ: ಇವೆಲ್ಲ ರೂಢಿಯಲ್ಲಿವೆ. ಇಮೇಲ್ ಕೇಳಿದರೆ ಇಂಥದ್ದಕ್ಕೇ ಇಟ್ಟುಕೊಂಡ ಬೇರೆ ಇಮೇಲ್ ಕೊಡಿ.

ಇಮೇಲಿನ ಪಾಸ್‌ವರ್ಡ್ ಕೇಳಿದರೆ ಪುಟ ಮುಚ್ಚಿ. 'ಗೂಗಲ್ ಮೂಲಕ', 'ಫೇಸ್‌ಬುಕ್ ಮೂಲಕ' ಎಂಬ ಗುಂಡಿಗಳು ಅಸಲಿ ಜಾಗಗಳಲ್ಲೂ ಇರುವುದರಿಂದಲೇ ಅವು ಮೋಸಕ್ಕೆ ಅನುಕೂಲ. ಆ ಪುಟ್ಟ ಕಿಟಕಿಗೂ ನಿಮ್ಮ ಬ್ರೌಸರಿಗೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ, ಅಲ್ಲಿ ನೀವು ಲಾಗಿನ್ ಆಗಿರುವುದಿಲ್ಲ. ಆದ್ದರಿಂದ ಪಾಸ್‌ವರ್ಡನ್ನು ಹೊಸದಾಗಿ ಕೇಳುತ್ತದೆ. ವಿಳಾಸದ ಪಟ್ಟಿಯೂ ಅಲ್ಲಿ ಸರಿಯಾಗಿ ಕಾಣದು. ಇದಕ್ಕಿಂತ ಕೆಟ್ಟ ಜಾಗ ಪಾಸ್‌ವರ್ಡ್ ಬರೆಯಲು ಸಿಗಲಾರದು. ಇಂಟರ್ನೆಟ್ ಬೇಕಾದರೆ 'ಪ್ರೊಫೈಲ್' (ಫೋನಿನ ಸೆಟ್ಟಿಂಗುಗಳನ್ನು ಬದಲಿಸುವ ಫೈಲು) ಹಾಕಿಕೊಳ್ಳಿ, ಸರ್ಟಿಫಿಕೇಟ್ ಹಾಕಿಕೊಳ್ಳಿ, ಈ ಆ್ಯಪ್ ಇಳಿಸಿ ಎಂದರೆ ಎದ್ದುಬಿಡಿ. ಹೊರಗಿನ ರೂಟ್ ಸರ್ಟಿಫಿಕೇಟನ್ನು (ಉಳಿದ ಸರ್ಟಿಫಿಕೇಟುಗಳಿಗೆ ಸಾಕ್ಷಿ ಹಾಕುವಂಥದ್ದು) ಒಮ್ಮೆ ನಂಬಿದಿರೆಂದರೆ, ಅದರ ಒಡೆಯ ಯಾವ ಸೈಟಿನ ವೇಷವನ್ನಾದರೂ ಬ್ರೌಸರಿಗೆ ಅನುಮಾನ ಬಾರದಂತೆ ಹಾಕಬಲ್ಲ.

ಓಟಿಪಿಯ ವಿಷಯದಲ್ಲಿ ಒಂದು ಸೂಕ್ಷ್ಮ. ಕೆಟ್ಟ ಪುಟವೊಂದು ನಿಮ್ಮ ಮೊಬೈಲ್ ಸಂಖ್ಯೆ ಪಡೆದು, ಅದೇ ಕ್ಷಣ ಆ ಸಂಖ್ಯೆಯನ್ನು ಬೇರೆ ಫೋನಿನಲ್ಲಿ ವಾಟ್ಸ್‌ಆ್ಯಪ್‌ಗೆ ನೋಂದಾಯಿಸಲು ಹೊಡೆಯಬಹುದು. ನಿಮಗೆ ಆರಂಕಿಯ ಕೋಡ್ ಬರುತ್ತದೆ; ವೈಫೈಯದು ಎಂದುಕೊಂಡು ಪುಟದಲ್ಲಿ ತುಂಬುತ್ತೀರಿ; ಖಾತೆ ಅವರ ಕೈಗೆ ಹೋಗುತ್ತದೆ. ಸಂದೇಶ ಪೂರ್ತಿ ಓದಿದ್ದರೆ ಅದು ಯಾರು ಕಳಿಸಿದ್ದು, ಯಾತಕ್ಕೆ ಎಂದು ಅಲ್ಲೇ ಬರೆದಿರುತ್ತದೆ. ಪರದೆಯ ಮೇಲೆ ಇಣುಕುವ ಅಂಕಿಗಳನ್ನಷ್ಟೇ ನೋಡಿ ತುಂಬುವ ಅಭ್ಯಾಸ ಬಿಡಿ, ಫೋನು ತಾನೇ ತುಂಬಲು ಮುಂದಾದಾಗಲೂ.

ಗೇಟ್ ದಾಟಿದ ಮೇಲೆ ವಿಪಿಎನ್, ಆಮೇಲೆ ಉಳಿದದ್ದು

ವಿಪಿಎನ್ ಇದ್ದರೆ ಅದರ ಸರದಿ ಇಲ್ಲಿ. ಅದು ನಿಮ್ಮ ಎಲ್ಲ ಸಂಚಾರವನ್ನೂ ಒಂದು ಕೊಳವೆಯಲ್ಲಿ ಮುಚ್ಚಿ ತನ್ನ ಸರ್ವರಿಗೆ ಒಯ್ಯುತ್ತದೆ. ವೈಫೈ ನಡೆಸುವವರಿಗೆ ನೀವು ಹೋದ ಸೈಟುಗಳ ಹೆಸರೂ ಕಾಣದು. ಆದರೆ ವೈಫೈಯವರಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೆ. ಯಾರು ನಡೆಸುತ್ತಾರೆಂದು ತಿಳಿಯದ ಪುಕ್ಕಟೆ ವಿಪಿಎನ್ ಹಾಕುವುದಕ್ಕಿಂತ ಬರೀ ಎಚ್‌ಟಿಟಿಪಿಎಸ್ ಮೇಲೆ ನಿಲ್ಲುವುದು ಮೇಲು. ನಕಲಿ ಪುಟದಲ್ಲಿ ನೀವೇ ಬರೆದ ಪಾಸ್‌ವರ್ಡನ್ನು ಯಾವ ವಿಪಿಎನ್ನೂ ಉಳಿಸುವುದಿಲ್ಲ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ವೈಫೈ ಸೇರಿದ ಕ್ಷಣಕ್ಕೂ ವಿಪಿಎನ್ ಕೂಡುವ ಕ್ಷಣಕ್ಕೂ ನಡುವೆ ಕೆಲವು ಸೆಕೆಂಡ್ ಅಂತರ ಇದೆ. ಅಷ್ಟರಲ್ಲೇ ಇಮೇಲ್, ಚಾಟ್ ಆ್ಯಪ್‌ಗಳು ಹಿನ್ನೆಲೆಯಲ್ಲಿ ಓಡಾಡಿರುತ್ತವೆ. ಇದನ್ನು ಮುಚ್ಚಲು ಆಂಡ್ರಾಯ್ಡ್‌ನ ವಿಪಿಎನ್ ಸೆಟ್ಟಿಂಗಿನಲ್ಲಿ ಹಲ್ಲುಚಕ್ರದ ಗುರುತು ಒತ್ತಿ 'ಆಲ್‌ವೇಸ್ ಆನ್' ಮತ್ತು 'ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್' ಎರಡನ್ನೂ ಹಾಕಬಹುದು. ಲ್ಯಾಪ್‌ಟಾಪಿನ ವಿಪಿಎನ್ ಆ್ಯಪ್‌ಗಳಲ್ಲಿ ಇದಕ್ಕೆ 'ಕಿಲ್ ಸ್ವಿಚ್' ಎನ್ನುತ್ತಾರೆ. ಹಾಕಿದ್ದು ನೆನಪಿರಲಿ, ಗೇಟಿನ ಪುಟ ಬರದಿರಲು ಅದೂ ಒಂದು ಕಾರಣ ಆಗುತ್ತದೆ.

ವಿಪಿಎನ್ ಕೂಡದಿದ್ದರೆ ಸಾಮಾನ್ಯ ಕಾರಣ ಪೋರ್ಟ್. ವಿಪಿಎನ್ ಆ್ಯಪ್‌ಗಳು ಬಳಸುವ ವಿಧಾನಗಳಲ್ಲಿ ವೈರ್‌ಗಾರ್ಡ್ ಸಾಮಾನ್ಯವಾಗಿ ಯುಡಿಪಿ 51820, ಓಪನ್‌ವಿಪಿಎನ್ 1194 ಬಳಸುತ್ತವೆ (ಯುಡಿಪಿ, ಟಿಸಿಪಿ ಎಂಬುವು ಡೇಟಾ ಸಾಗಿಸುವ ಎರಡು ಬಗೆ). ಬಿಗಿಯಾದ ಜಾಲಗಳು ಇವನ್ನು ಬಿಡುವುದಿಲ್ಲ. ಆ್ಯಪಿನಲ್ಲಿ ಓಪನ್‌ವಿಪಿಎನ್‌ಗೆ ಟಿಸಿಪಿ 443 ಆರಿಸಿ ನೋಡಿ. ಅದು ಎಚ್‌ಟಿಟಿಪಿಎಸ್‌ನದೇ ಪೋರ್ಟ್, ಮುಚ್ಚಿದರೆ ಇಡೀ ವೆಬ್ ನಿಲ್ಲುತ್ತದೆ. ವೇಗ ಸ್ವಲ್ಪ ಕಡಿಮೆಯಾದೀತು.

ಲ್ಯಾಪ್‌ಟಾಪಿಗೆ ಮಾತ್ರ

ವಿಂಡೋಸ್‌ನಲ್ಲಿ ಸೇರಿದ ವೈಫೈಯ ಗುಣಲಕ್ಷಣಗಳ ಪುಟ ತೆರೆದು 'ಪಬ್ಲಿಕ್ ನೆಟ್‌ವರ್ಕ್' ಎಂದಿದೆಯೇ ನೋಡಿ. 'ಪ್ರೈವೇಟ್' ಎಂದಿದ್ದರೆ ನಿಮ್ಮ ಯಂತ್ರ ಅದೇ ವೈಫೈಯ ಉಳಿದವರಿಗೆ ಕಾಣಿಸಿಕೊಳ್ಳುತ್ತದೆ, ಮನೆಯಲ್ಲಿ ಹಂಚಿಕೊಂಡ ಫೋಲ್ಡರುಗಳ ಬಾಗಿಲು ಅವರಿಗೂ ತೆರೆಯಬಹುದು. ಮ್ಯಾಕ್‌ನಲ್ಲಿ 'ಜನರಲ್' ಒಳಗಿನ 'ಶೇರಿಂಗ್' ಪುಟದಲ್ಲಿ ಎಲ್ಲವನ್ನೂ ಆಫ್ ಮಾಡಿ, 'ನೆಟ್‌ವರ್ಕ್' ಒಳಗಿನ ಫೈರ್‌ವಾಲ್ ಆನ್ ಮಾಡಿ. ಏರ್‌ಡ್ರಾಪ್, ಕ್ವಿಕ್ ಶೇರ್ ಎರಡನ್ನೂ ಪರಿಚಿತರಿಗೆ ಮಾತ್ರ ಎಂದು ಇಡಿ. ಚೆನ್ನಾಗಿ ಕಟ್ಟಿದ ಸಾರ್ವಜನಿಕ ವೈಫೈಯಲ್ಲಿ ಒಬ್ಬರ ಸಾಧನ ಇನ್ನೊಬ್ಬರದನ್ನು ಮುಟ್ಟದಂತೆ ರೂಟರೇ ಬೇರ್ಪಡಿಸಿರುತ್ತದೆ. ಎಲ್ಲರೂ ಚೆನ್ನಾಗಿ ಕಟ್ಟುವುದಿಲ್ಲ.

ಎಚ್ಚರಿಕೆಯ ಪುಟ ಓದುವುದು

ಗೇಟ್ ದಾಟಿದ ನಂತರವೂ ಕ್ರೋಮ್ ಕೆಂಪು ಎಚ್ಚರಿಕೆ ತೋರಿಸಿದರೆ ಕೆಳಗಿನ ಸಣ್ಣ ಅಕ್ಷರದ ಕೋಡ್ ನೋಡಿ. ಕೊನೆಯಲ್ಲಿ 'ಡೇಟ್ ಇನ್‌ವ್ಯಾಲಿಡ್' ಎಂದಿದ್ದರೆ ಮೊದಲು ನಿಮ್ಮ ಸಾಧನದ ದಿನಾಂಕ, ಗಡಿಯಾರ ಸರಿಯಿದೆಯೇ ನೋಡಿ. ಬ್ಯಾಟರಿ ಪೂರ್ತಿ ಬರಿದಾಗಿದ್ದ ಲ್ಯಾಪ್‌ಟಾಪುಗಳಲ್ಲಿ ಇದು ಆಗುತ್ತದೆ. 'ಕಾಮನ್ ನೇಮ್ ಇನ್‌ವ್ಯಾಲಿಡ್' ಎಂದರೆ ನೀವು ಕೇಳಿದ ಹೆಸರು ಒಂದು, ಉತ್ತರ ಕೊಟ್ಟವರ ಹೆಸರು ಇನ್ನೊಂದು. ಗೇಟಿನ ಅವಧಿ ಮುಗಿದು ಮತ್ತೆ ಲಾಗಿನ್ ಕೇಳುತ್ತಿರಬಹುದು. 'ಅಥಾರಿಟಿ ಇನ್‌ವ್ಯಾಲಿಡ್' ಎಂದರೆ ಸರ್ಟಿಫಿಕೇಟ್ ಕೊಟ್ಟವರು ಯಾರೆಂದು ಬ್ರೌಸರಿಗೆ ಗೊತ್ತಿಲ್ಲ. ನೀವು ದಿನವೂ ಬಳಸುವ ಸೈಟಿಗೆ, ಈ ವೈಫೈಯಲ್ಲಿ ಮಾತ್ರ ಇದು ಬಂದು, ಮೊಬೈಲ್ ಡೇಟಾದಲ್ಲಿ ಬರದಿದ್ದರೆ ನಡುವೆ ಯಾರೋ ಕೈ ಹಾಕಿದ್ದಾರೆ. ಬ್ಯಾಂಕು, ಇಮೇಲ್‌ನಂಥ ಅನೇಕ ಸೈಟುಗಳಲ್ಲಿ 'ಮುಂದುವರಿ' ಗುಂಡಿಯೇ ಇರುವುದಿಲ್ಲ. ಅದು ದೋಷವಲ್ಲ, ಆ ಸೈಟುಗಳೇ ಬ್ರೌಸರಿಗೆ 'ನನ್ನ ವಿಷಯದಲ್ಲಿ ರಾಜಿ ಬೇಡ' ಎಂದು ಮೊದಲೇ ಹೇಳಿಟ್ಟಿವೆ.

ಎಚ್ಚರಿಕೆ ಇಲ್ಲ, ಎಚ್‌ಟಿಟಿಪಿಎಸ್ ಇದೆ ಎಂದ ಮಾತ್ರಕ್ಕೆ ಸೈಟ್ ಅಸಲಿ ಎಂದಲ್ಲ. ಮೋಸಗಾರರಿಗೂ ಸರ್ಟಿಫಿಕೇಟ್ ಪುಕ್ಕಟೆಯೇ. ವಿಳಾಸವನ್ನು ಮೊದಲ ಒಂಟಿ ಓರೆಗೆರೆಯವರೆಗೆ (/) ತೆಗೆದುಕೊಂಡು ಬಲದಿಂದ ಎಡಕ್ಕೆ ಓದಿ. 'ನನ್ನಬ್ಯಾಂಕ್ ಡಾಟ್ ಕಾಮ್ ಡಾಟ್ ಸೇಫ್‌ಲಾಗಿನ್ ಡಾಟ್ ನೆಟ್' ಎಂದಿದ್ದರೆ ಒಡೆಯ 'ಸೇಫ್‌ಲಾಗಿನ್ ಡಾಟ್ ನೆಟ್'. ಎಡಗಡೆಯ 'ನನ್ನಬ್ಯಾಂಕ್ ಡಾಟ್ ಕಾಮ್' ಬರೀ ಅಲಂಕಾರ. ಫೋನಿನ ಸಣ್ಣ ಪರದೆಯಲ್ಲಿ ಉದ್ದ ವಿಳಾಸದ ಒಂದು ತುದಿ ಮರೆಯಾಗುವುದರಿಂದ ಮುಟ್ಟಿ ಪೂರ್ತಿ ತೆರೆದು ನೋಡಬೇಕು.

ಹಣದ ಕೆಲಸಕ್ಕೆ ಮೊಬೈಲ್ ಡೇಟಾ

ಬ್ಯಾಂಕ್ ಆ್ಯಪ್ ಹೊರಗಿನ ವೈಫೈಯಲ್ಲಿ ಬಳಸಿದ ಕೂಡಲೇ ಅನಾಹುತ ಆಗುವುದಿಲ್ಲ. ಆ್ಯಪ್ ತನ್ನದೇ ಎನ್‌ಕ್ರಿಪ್ಷನ್ ಇಟ್ಟುಕೊಂಡಿರುತ್ತದೆ. ಆದರೂ ಆ ಎರಡು ನಿಮಿಷಕ್ಕೆ ವೈಫೈ ಆರಿಸಿ ಮೊಬೈಲ್ ಡೇಟಾಗೆ ಬರುವುದು ಎಷ್ಟು ಸುಲಭ ಎಂದರೆ, ಮಾಡದಿರಲು ಕಾರಣವೇ ಇಲ್ಲ. ಲ್ಯಾಪ್‌ಟಾಪಿಗೂ ಬೇಕಾದರೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಎಬ್ಬಿಸಿ. ಭದ್ರತೆ ಡಬ್ಲ್ಯುಪಿಎ3 ಸಿಕ್ಕರೆ ಅದು, ಹಳೆಯ ಸಾಧನ ಸೇರದಿದ್ದರೆ ಡಬ್ಲ್ಯುಪಿಎ2. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಲೇಬೇಕೆಂಬುದು ನಿಯಮ, 15 ದಾಟಿಸಿ. ಹಾಟ್‌ಸ್ಪಾಟಿಗೆ ನಿಮ್ಮ ಹೆಸರು, ಫೋನಿನ ಮಾದರಿ ಇಡಬೇಡಿ, ಸುತ್ತಲಿನವರಿಗೆಲ್ಲ ಅದು ಕಾಣುತ್ತದೆ. ಕೆಲಸ ಮುಗಿದೊಡನೆ ಆರಿಸಿ, ಇಲ್ಲದಿದ್ದರೆ ಬ್ಯಾಟರಿಯೇ ನೆನಪಿಸುತ್ತದೆ.

ಎದ್ದು ಹೊರಡುವಾಗ

ಬ್ರೌಸರಿನಲ್ಲಿ ತೆರೆದ ಖಾತೆಗಳಿಂದ ಲಾಗ್‌ಔಟ್ ಆಗಿ, ವೈಫೈ 'ಫರ್ಗೆಟ್' ಮಾಡಿ. ಐಫೋನಿನ ಕಂಟ್ರೋಲ್ ಸೆಂಟರಿನಲ್ಲಿ ವೈಫೈ ಗುರುತು ಒತ್ತಿದರೆ ವೈಫೈ ಪೂರ್ತಿ ಆರುವುದಿಲ್ಲ. ಸದ್ಯದ ಸಂಪರ್ಕ ಕಡಿಯುತ್ತದೆ. ಜಾಗ ಬದಲಾದರೆ ಅಥವಾ ಬೆಳಗಿನ 5 ಗಂಟೆಗೆ ತಾನೇ ಮತ್ತೆ ಸೇರಲು ಶುರು ಮಾಡುತ್ತದೆ. ಪೂರ್ತಿ ಆರಬೇಕಾದರೆ ಸೆಟ್ಟಿಂಗ್ಸ್ ಒಳಗೆ ಹೋಗಬೇಕು. ಆಂಡ್ರಾಯ್ಡ್‌ನಲ್ಲೂ 'ಟರ್ನ್ ಆನ್ ವೈಫೈ ಆಟೋಮ್ಯಾಟಿಕಲಿ' ಎಂಬ ಆಯ್ಕೆ ಎಲ್ಲೋ ಆನ್ ಆಗಿ ಕೂತಿರುತ್ತದೆ.

ಮ್ಯಾಕ್ ವಿಳಾಸದ (ವೈಫೈಗೆ ನಿಮ್ಮ ಸಾಧನವನ್ನು ಗುರುತಿಸಿಕೊಡುವ ಸಂಖ್ಯೆ; ಆಪಲ್ ಕಂಪ್ಯೂಟರ್ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಪ್ರತಿ ವೈಫೈಗೂ ಬೇರೆ ಸುಳ್ಳು ವಿಳಾಸ ಕೊಡುವುದೇ ಸಾಮಾನ್ಯ ಕ್ರಮ. ಅದನ್ನು ಆಫ್ ಮಾಡಿ ಎಂದು ಹೋಟೆಲಿನವರು ಹೇಳಿದರೆ ಆ ಒಂದು ಜಾಲಕ್ಕೆ ಮಾತ್ರ ಮಾಡಿ.

ಎಡವಟ್ಟಾಗಿದೆ ಎಂದು ಅನಿಸಿದರೆ

ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆದದ್ದು ಹೊಳೆದ ಕ್ಷಣ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಆ ಖಾತೆಯ ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆಡೆ ಇದ್ದರೆ ಅಲ್ಲೂ ಬದಲಿಸಿ. ಇಷ್ಟಕ್ಕೇ ನಿಲ್ಲುವುದು ಸಾಮಾನ್ಯ ತಪ್ಪು. ಒಳಗೆ ಬಂದವನ ಸೆಷನ್ ಪಾಸ್‌ವರ್ಡ್ ಬದಲಾದ ಮೇಲೂ ಕೆಲವು ಸೇವೆಗಳಲ್ಲಿ ಉಳಿಯುತ್ತದೆ, ಆದ್ದರಿಂದ 'ಎಲ್ಲ ಸಾಧನಗಳಿಂದ ಲಾಗ್‌ಔಟ್' ಮಾಡಿ. ಕಾರ್ಡ್ ಸಂಖ್ಯೆ ಕೊಟ್ಟಿದ್ದರೆ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ. ಕರೆ ಮಾಡುವ ಫೋನ್ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ, ಹುಡುಕಾಟದಲ್ಲಿ ಸಿಕ್ಕಿದ್ದನ್ನಲ್ಲ.

ಪ್ರೊಫೈಲ್ ಅಥವಾ ಸರ್ಟಿಫಿಕೇಟ್ ಹಾಕಿಕೊಂಡಿದ್ದರೆ ಐಫೋನಿನಲ್ಲಿ 'ಜನರಲ್' ಒಳಗಿನ 'ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್'ನಲ್ಲಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ 'ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್' ಎಂದು ಹುಡುಕಿ, 'ಯೂಸರ್' ಎಂಬ ಎರಡನೇ ಪಟ್ಟಿ ತೆರೆಯಿರಿ. ಕಚೇರಿಯವರು ಹಾಕಿಕೊಡದ ಫೋನಾದರೆ ಅದು ಖಾಲಿ ಇರಬೇಕು.

ಇಮೇಲ್ ಖಾತೆಯೇ ಹೋಗಿದ್ದರೆ ಇನ್ನೂ ಮೂರು ಜಾಗ ನೋಡುವುದಿದೆ: ಖಾತೆ ಮರಳಿ ಪಡೆಯಲು ಕೊಟ್ಟ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮದೇ ಇದೆಯೇ, ಫಾರ್ವರ್ಡಿಂಗ್‌ನಲ್ಲಿ ಅಪರಿಚಿತ ವಿಳಾಸ ಸೇರಿದೆಯೇ, ಫಿಲ್ಟರ್‌ಗಳಲ್ಲಿ ನೀವು ಬರೆಯದ ನಿಯಮ ಇದೆಯೇ. 'ಬ್ಯಾಂಕ್' ಎಂಬ ಪದವಿರುವ ಇಮೇಲ್‌ಗಳನ್ನು ಓದಿದ್ದು ಎಂದು ಗುರುತಿಸಿ ನೇರ ಕಸದಬುಟ್ಟಿಗೆ ಹಾಕು ಎಂಬಂಥ ಒಂದು ಸಾಲಿನ ನಿಯಮ ಅಲ್ಲಿ ಕೂತಿದ್ದರೆ, ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.